ತಂದೆಯ ಕಡೆಗೊಂದು ಮಣೆ

ಹೊಸ ಮಲ್ಪೆ, ಕಂಬಕೇರಿ
ಕ್ರಿ.ಶ. 2186, ಆಟಿ ತಿಂಗಳ ನಲವತ್ತೊಂದನೆಯ ದಿನ

ಅದಕ್ಕೇ ನಾನು ನಿನ್ನೆ ಹೇಳಿದ್ದು, ಬೆಲ್ಲದ ನೀರು ಕೊಟ್ಟು ಮೂಲೆಯಲ್ಲಿ ಕೂರಿಸಿದವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ ಎಂದು. ಅಷ್ಟು ಬರೆಯುವಾಗ ಕಣ್ಣು ಮುಚ್ಚಿತು, ಮಾತು ಅಲ್ಲಿಗೇ ನಿಂತಿತು. ಇವತ್ತು ಮಳೆ ಹೊಳವಾಗಿದೆ, ಮುಗಿಸಿಯೇ ಏಳುತ್ತೇನೆ.

ಮೊದಲು ತಾರೀಕಿನ ವಿಷಯ. ನಿಮ್ಮ ಕಾಲದಲ್ಲಿ ಆಟಿಗೆ ಮೂವತ್ತೊಂದೋ ಮೂವತ್ತೆರಡೋ ದಿನ ಇತ್ತಂತೆ, ಮಳೆ ಬರಲಿ ಬಿಡಲಿ. ನಮ್ಮಲ್ಲಿ ಹಾಗಲ್ಲ. ಕಡಲು ಹಳೆಯ ಮಲ್ಪೆಯನ್ನು ನುಂಗಿದ ಮೇಲೆ ಹಿರಿಯರೆಲ್ಲ ಸೇರಿ ಒಂದು ತೀರ್ಮಾನ ಮಾಡಿದರು: ಮಳೆ ನಿಲ್ಲುವ ತನಕ ಆಟಿ ಮುಗಿಯುವುದಿಲ್ಲ. ಒಂದು ವರ್ಷ ಐವತ್ತರ ಮೇಲೂ ಹೋದದ್ದುಂಟು. ಆಟಿಯಲ್ಲಿ ಮದುವೆ ಇಲ್ಲ, ಮನೆ ಒಕ್ಕಲಿಲ್ಲ, ಒಳ್ಳೆಯ ಕೆಲಸ ಯಾವುದೂ ಇಲ್ಲ. ಆದ್ದರಿಂದ ಊರಿನ ಮುದುಕರಿಗೆ ಹಿನ್ನೋಲೆ ಬರೆಯುವ ಕೆಲಸ. ಹಿನ್ನೋಲೆ ಎಂದರೆ ಹಿಂದಕ್ಕೆ ಬರೆಯುವ ಓಲೆ, ಹೋದ ತಲೆಮಾರಿನವರಿಗೆ, ಅಂದರೆ ನಿಮಗೆ. ನಿಮಗೆ ತಲುಪುವುದಿಲ್ಲ ಎಂದು ನಮಗೂ ಗೊತ್ತುಂಟು, ಅಷ್ಟು ಬುದ್ಧಿ ಇಲ್ಲದಿಲ್ಲ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಮೇಲೆ ಅಂಗಳದಲ್ಲಿ ಮಕ್ಕಳ ಎದುರು ಓದುತ್ತೇವೆ. ಮಕ್ಕಳಿಗೆ ನೇರವಾಗಿ ಬುದ್ಧಿ ಹೇಳಿದರೆ ಕೇಳುವುದಿಲ್ಲ. ಸತ್ತವರಿಗೆ ಬುದ್ಧಿ ಹೇಳುವುದನ್ನು ಕೇಳಲು ಕಿವಿ ನಿಮಿರಿಸಿ ಕೂರುತ್ತವೆ.

ನನ್ನ ಮಾತುಗಳು ನಿಮಗೆ ವಿಚಿತ್ರ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡದಲ್ಲಿ ಇಂಗ್ಲಿಷ್ ತುಂಬಾ ಇತ್ತೆಂದು ಕೇಳಿದ್ದೇನೆ. ನನಗೂ ಸ್ವಲ್ಪ ಬರುತ್ತದೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ, ನೀವು ಸಂಸ್ಕೃತ ಓದುತ್ತಿದ್ದ ಹಾಗೆ, ಮಾರ್ಕಿಗಾಗಿ. ಈಗ ಉಳಿದಿರುವುದು ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಒನ್ಸ್ ಅಪಾನ್ ಎ ಟೈಮ್, ಮತ್ತು ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್ ಎಂಬ ಒಂದು ಗಾದೆ. ಯಾವುದಕ್ಕಿಂತ ಬೆಟರ್ ಎನ್ನುವುದು ಮರೆತುಹೋಗಿದೆ. ನನ್ನ ಹೆಂಡತಿ ಕಲ್ಯಾಣಿ ಇದ್ದಾಗ ನಾನು ಈ ಗಾದೆ ಹೇಳಿದರೆ, ಬಾಕಿ ಅರ್ಧ ಸಿಕ್ಕಿದ ದಿನ ನನ್ನನ್ನು ಎಬ್ಬಿಸಿ ಎಂದು ಮಗ್ಗುಲು ಬದಲಿಸುತ್ತಿದ್ದಳು. ಈಗ ಎಬ್ಬಿಸುವುದಕ್ಕೆ ಅವಳಿಲ್ಲ. ಅರ್ಧವೂ ಸಿಕ್ಕಿಲ್ಲ.

ವಿಷಯಕ್ಕೆ ಬರುತ್ತೇನೆ. ನಾಳೆ ಆಟಿ ಮುಗಿಯಿತೆಂದು ಸಾರುತ್ತಾರೆ. ನಾಳೆಯೇ ನನ್ನ ಕಿರಿಯ ಮೊಮ್ಮಗಳು ಸೌಪರ್ಣಿಕೆಯ ಬಳಿಮಾತು, ಅಂದರೆ ಮಗುವಿಗೆ ವಂಶದ ಕಥೆ ಹೇಳುವ ದಿನ. ಅಲ್ಲಿ ತಂದೆಯ ಕಡೆಯ ಕಥೆಯನ್ನೂ ಹೇಳಲು ಬಿಡುತ್ತಾರೋ ಇಲ್ಲವೋ ಎಂಬುದು ಇವತ್ತು ಸಂಜೆಯೊಳಗೆ ಗೊತ್ತಾಗಬೇಕು. ಅದನ್ನು ಕೇಳಲಿಕ್ಕೆಂದೇ ಹಿರಿಯ ಮೊಮ್ಮಗಳು ವಾರಿಜಾ ಊಟ ಮಾಡಿ, ತಾಯಿಯ ಜೊತೆ, ಅವರ ಬಳಿಯ ಹಿರಿಯಳಾದ ಪೂವಕ್ಕನ ಮನೆಗೆ ಹೋಗಿದ್ದಾಳೆ. ಜೊತೆಗೆ ನಾನೂ ಬರುತ್ತೇನೆ ಎಂದೆ. ನೀವು ಬಂದರೆ ಪೂವಕ್ಕ ಬೆಲ್ಲದ ನೀರು ಕೊಟ್ಟು ಕಳಿಸುತ್ತಾರೆ ಅಜ್ಜ, ನೀವು ಬರೆಯುತ್ತಾ ಕೂರಿ ಎಂದಳು. ಕೂತಿದ್ದೇನೆ.

ಬಳಿ ನಿಮಗೆ ಹೊಸದಲ್ಲ. ಈ ಕರಾವಳಿಯಲ್ಲಿ ತಾಯಿಯಿಂದ ಮಗುವಿಗೆ ಇಳಿಯುವ ವಂಶದ ಹೆಸರು. ನಿಮ್ಮ ಕಾಲಕ್ಕೆ ಅದು ಮದುವೆಯ ಹೊತ್ತಿಗೆ ಮಾತ್ರ ನೆನಪಾಗುವ ಸಂಗತಿಯಾಗಿತ್ತಂತೆ. ನಮ್ಮ ಮುತ್ತಜ್ಜಿಯರು ಅದಕ್ಕೆ ಹೊಸ ಕೆಲಸ ಕೊಟ್ಟರು. ಏಕೆ ಎಂದರೆ ತಂಪು ಬಂತು. ತಂಪು ನಿಮ್ಮ ಗಾಂಜಾದ ಮರಿಮಗ ಎಂದುಕೊಳ್ಳಿ. ಗಿಡವಿಲ್ಲ, ಹೊಗೆಯಿಲ್ಲ, ತೊಟ್ಟಿಯಲ್ಲಿ ಬೆಳೆಸುತ್ತಾರೆ. ಬೆರಳುದ್ದದ ಕಡ್ಡಿಯಿಂದ ಒಂದು ಎಳೆತ ಎಳೆದರೆ ಎದೆಯೊಳಗೆ ಮಂಜು ಇಳಿದ ಹಾಗೆ ಆಗುತ್ತದೆ ಎನ್ನುತ್ತಾರೆ. ಮುತ್ತಜ್ಜನ ಸೌಮ್ಯ ಗುಣ ಒಂದೂ ಬಂದಿಲ್ಲ, ಕಸುವು ಮಾತ್ರ ಹತ್ತಾರು ಪಾಲು ಬಂದಿದೆ. ಅದು ಬಂದ ಮೊದಲ ವರ್ಷಗಳಲ್ಲಿ ಪಾಚಿಹಗ್ಗದ ತೋಟಗಳಲ್ಲಿ, ಅಂದರೆ ಕಡಲಲ್ಲಿ ಹಗ್ಗ ಕಟ್ಟಿ ಪಾಚಿ ಬೆಳೆಸುವ ಕಡೆ, ದುಡಿಯುತ್ತಿದ್ದ ಹದಿಹರೆಯದ ಮಕ್ಕಳು ಕೆಲವರು ಇಲ್ಲದ ದನಿ ಕೇಳತೊಡಗಿದರು. ಮನೆಯವರೇ ವಿಷ ಹಾಕುತ್ತಾರೆ ಎಂದು ಅನ್ನ ಬಿಟ್ಟರು. ಎಲ್ಲರಿಗೂ ಆಗಲಿಲ್ಲ. ಅದೇ ಅದರ ಮೋಸ. ಎಲ್ಲರಿಗೂ ಆಗುವುದಾಗಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಹಲವರು ಸೇದಿ, ನಕ್ಕು, ಮನೆಗೆ ಹೋಗಿ ಉಂಡು ಮಲಗಿದರು. ಕೆಲವರು ಮಾತ್ರ ಮರಳಲಿಲ್ಲ.

ನಿಮ್ಮ ಕಾಲದಲ್ಲಿ ಇದರ ಬಗ್ಗೆ ಎರಡು ಗುಂಪು ಇತ್ತೆಂದು ಓದಿದ್ದೇನೆ. ಒಂದು ಗುಂಪು, ಅದು ಬರೇ ಸೊಪ್ಪು, ಏನೂ ಆಗುವುದಿಲ್ಲ ಎನ್ನುತ್ತಿತ್ತು. ಇನ್ನೊಂದು ಗುಂಪು, ಒಂದು ದಮ್ಮು ಎಳೆದರೆ ಹುಚ್ಚು ಗ್ಯಾರಂಟಿ ಎನ್ನುತ್ತಿತ್ತು. ಮಕ್ಕಳು ಎರಡನೆಯ ಗುಂಪಿನ ಮಾತು ಕೇಳಿ, ದಮ್ಮು ಎಳೆದು ನೋಡಿ, ಏನೂ ಆಗದೆ, ದೊಡ್ಡವರು ಸುಳ್ಳು ಹೇಳುತ್ತಾರೆಂದು ತಿಳಿದು ಮೊದಲನೆಯ ಗುಂಪಿಗೆ ಸೇರಿದರು. ಹೆದರಿಸಲಿಕ್ಕೆ ಹೇಳಿದ ಸುಳ್ಳಿಗೆ ಆಯುಷ್ಯ ಒಂದು ಸಂಜೆ, ಅಷ್ಟೇ.

ಅದಕ್ಕೆ ನಮ್ಮ ಮುತ್ತಜ್ಜಿಯರು ಹೆದರಿಸುವುದನ್ನು ಬಿಟ್ಟು ಕಥೆ ಹೇಳತೊಡಗಿದರು. ಮಗುವಿಗೆ ಹದಿನೈದು ತುಂಬಿದ ಸೋಣದಲ್ಲಿ ಬಳಿಮಾತು. ಬಳಿಯ ಹಿರಿಯಳು ಅಂಗಳದ ನಡುವೆ ಮಣೆ ಹಾಕಿ ಕೂರುತ್ತಾಳೆ. ಮಗು ಎದುರು. ಅಜ್ಜಿಯ ಅಕ್ಕನಿಗೆ ಸಕ್ಕರೆ ಕಾಯಿಲೆ, ದೊಡ್ಡಮ್ಮನಿಗೆ ಎದೆನೋವು, ಇಂಥ ಮಾವನಿಗೆ ಇಪ್ಪತ್ತರಲ್ಲಿ ತಲೆ ಕಲಕಿತು, ಮದ್ದು ತೆಗೆದುಕೊಂಡ, ದೋಣಿ ಕಟ್ಟಿದ, ಬದುಕಿದ. ಹೀಗೆ ಎಲ್ಲವನ್ನೂ ಊರೆದುರು ಹೇಳುತ್ತಾರೆ. ನಾಚಿಕೆ ಇಲ್ಲ. ನಿಮ್ಮವರು ಸಂಬಂಧ ಕೂಡಿಸುವಾಗ ಚಿಕ್ಕಮ್ಮನಿಗೆ ಸ್ವಲ್ಪ ಮೈ ಹುಷಾರಿಲ್ಲ ಎಂದು ಒಳಕೋಣೆಯ ಬಾಗಿಲು ಎಳೆಯುತ್ತಿದ್ದರಂತಲ್ಲ, ಆ ಬಾಗಿಲನ್ನು ನಾವು ಕಿತ್ತು ಸೌದೆ ಮಾಡಿದ್ದೇವೆ. ತಲೆ ಕಲಕಿದವರು ಬಳಿಯಲ್ಲಿದ್ದರೆ ಮೆಲು ಬಳಿ. ಆ ಮಕ್ಕಳು ತಂಪಿನ ಹತ್ತಿರ ಹೋಗುವುದಿಲ್ಲ, ಗೆಳೆಯರೂ ಒತ್ತಾಯ ಮಾಡುವುದಿಲ್ಲ. ಯಾರೂ ಇಲ್ಲದಿದ್ದರೆ ಗಟ್ಟಿ ಬಳಿ.

ಎಷ್ಟು ಚೆಂದದ ಏರ್ಪಾಡು ನೋಡಿ. ಎರಡು ಕಡೆ ತೂತು ಇತ್ತು, ನಮಗೆ ಕಾಣಲಿಲ್ಲ.

ಒಂದನೆಯ ತೂತು ನಾನೇ. ಬಳಿ ತಾಯಿಯಿಂದ ಇಳಿಯುವುದಲ್ಲವೇ, ಆದ್ದರಿಂದ ಬಳಿಮಾತಿನಲ್ಲಿ ತಾಯಿಯ ಕಡೆಯ ಕಥೆ ಮಾತ್ರ. ತಂದೆಯ ಕಡೆಯವರು ಅತಿಥಿಗಳು. ನಮಗೆ ಚಾಪೆ, ಬೆಲ್ಲದ ನೀರು, ಕೊನೆಯಲ್ಲಿ ಊಟ. ನನ್ನ ತಂಗಿ ಸುಗುಣಳಿಗೆ ಹತ್ತೊಂಬತ್ತರಲ್ಲಿ ತಲೆ ಕಲಕಿತ್ತು. ಅದಕ್ಕಿಂತ ಮೊದಲು ನಮ್ಮ ಸೋದರಮಾವನಿಗೆ. ಇದು ಗುಟ್ಟಲ್ಲ. ಸುಗುಣ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಬಲೆ ಹೆಣೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮುದುಕಿಯಾಗಿ, ಎಲ್ಲರನ್ನೂ ಬೈದು, ನೆಮ್ಮದಿಯಿಂದ ಸತ್ತಳು. ನಮ್ಮ ಬಳಿಯಲ್ಲಿ ಅವಳ ಕಥೆಯನ್ನು ಹೇಳುತ್ತಾರೆ, ಅವಳ ಮಕ್ಕಳು ಎಚ್ಚರದಿಂದ ಬೆಳೆದರು. ಆದರೆ ನನ್ನ ಮಗ ಪದ್ಮರಾಜ ನನ್ನ ಬಳಿಯವನಲ್ಲ, ಕಲ್ಯಾಣಿಯ ಬಳಿ. ಅವನ ಮಕ್ಕಳು ಸೊಸೆ ಉಮಾವತಿಯ ಬಳಿ. ಹೀಗೆ ನಮ್ಮ ಮನೆತನದ ಒಂದು ಗುಣ ಎರಡು ಅಂಗಳ ದಾಟಿ ಬಂತು, ಎರಡು ಕಡೆಯೂ ಯಾರೂ ಯಾವ ಊರು ಎಂದು ಕೇಳಲಿಲ್ಲ. ಗೊತ್ತಿರುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ.

ಕಲ್ಯಾಣಿ ಮಾತ್ರ ಕೇಳಿದ್ದಳು. ವಾರಿಜಳ ಬಳಿಮಾತಿನ ದಿನ, ಎಲ್ಲ ಮುಗಿದು, ಗಟ್ಟಿ ಬಳಿ ಎಂದು ಸಾರುವ ಹೊತ್ತಿಗೆ ಎದ್ದು ನಿಂತು, ಇವರನ್ನೂ ಒಂದು ಮಾತು ಕೇಳಬಾರದಾ ಪೂವಕ್ಕ ಎಂದಳು. ಪೂವಕ್ಕ ಉಮಾವತಿಯ ಬಳಿಯ ಹಿರಿಯಳು. ಒಳ್ಳೆಯ ಹೆಂಗಸು, ನಾಲಿಗೆಗೆ ಮಾತ್ರ ಉಪ್ಪು ಜಾಸ್ತಿ. ಏನು ಕಲ್ಯಾಣಿ, ನಿನ್ನ ಗಂಡನಿಗೆ ಬೆಲ್ಲ ಸಾಲಲಿಲ್ಲವಾ, ಮಾತೂ ಬೇಕಂತಾ ಎಂದರು. ಅಂಗಳಕ್ಕೆ ಅಂಗಳವೇ ನಕ್ಕಿತು. ನಾನೂ ನಕ್ಕೆ, ಬೆಲ್ಲ ಚೆನ್ನಾಗಿತ್ತು. ಕಲ್ಯಾಣಿ ನಗಲಿಲ್ಲ. ದಾರಿಯಲ್ಲಿ, ಮಗುವಿನ ಮೂಗು ನಿಮ್ಮದು, ನಡಿಗೆ ನಿಮ್ಮದು, ತಲೆ ಮಾತ್ರ ಪೂರ್ತಿ ಅವರದ್ದಾ ಎಂದಳು. ಮುಂದಿನ ಆಟಿಯಲ್ಲಿ ಅವಳು ಹೋದಳು. ಆ ಪ್ರಶ್ನೆಯನ್ನು ನನ್ನ ಹತ್ತಿರ ಇಟ್ಟು ಹೋದಳು.

ಎರಡನೆಯ ತೂತು ಇನ್ನೂ ದೊಡ್ಡದು. ಗಟ್ಟಿ ಬಳಿ ಎಂಬುದು ಎಚ್ಚರಿಕೆಯಾಗಿ ಹುಟ್ಟಿದ ಮಾತು, ಮಕ್ಕಳ ಬಾಯಲ್ಲಿ ಪರವಾನಗಿ ಆಯಿತು. ಪಾಚಿಹಗ್ಗದ ತೆಪ್ಪದ ಮೇಲೆ ಕಡ್ಡಿ ಕೈಯಿಂದ ಕೈಗೆ ಬರುವಾಗ, ಮೆಲು ಬಳಿಯವರನ್ನು ದಾಟಿ ಗಟ್ಟಿಯವರ ಹತ್ತಿರ ನಿಲ್ಲುತ್ತಿತ್ತು. ನಿನ್ನದು ಗಟ್ಟಿ ಅಲ್ವಾ, ನಿನಗೆಂತ ಭಯ ಮಾರಾಯ್ತಿ. ಬೇಡ ಎಂದರೆ, ಓಹೋ, ಪೂವಕ್ಕ ಏನೋ ಮುಚ್ಚಿಟ್ಟಿದ್ದಾರೆ ಎಂದು ತಮಾಷೆ. ವಾರಿಜಾ ಹದಿನಾರಕ್ಕೆ ಶುರು ಮಾಡಿದಳು. ಮೊದಲು ಹಬ್ಬಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬೆಳಿಗ್ಗೆ ಹಲ್ಲುಜ್ಜುವ ಮೊದಲು. ಕೇಳಿದರೆ, ನನ್ನದು ಗಟ್ಟಿ ಅಜ್ಜ, ಸುಮ್ಮನಿರಿ ಎನ್ನುತ್ತಿದ್ದಳು. ಸರ್ಟಿಫಿಕೇಟು ಇದ್ದವಳ ಹತ್ತಿರ ಏನು ವಾದ ಮಾಡುವುದು?

ಹದಿನೆಂಟು ದಾಟಿದ ಮೇಲೆ ಅವಳಿಗೆ ನಿದ್ದೆ ಹೋಯಿತು. ಕಿಟಕಿಗೆ ಬಟ್ಟೆ ಕಟ್ಟಿದಳು. ಅನ್ನ ಮೂಸಿ ನೋಡಿ ಉಣ್ಣುವಳು, ಇಲ್ಲವೇ ಬಿಡುವಳು. ನೆರೆ ಬರುವ ಮೊದಲು ಊದುವ ಕಹಳೆಯಲ್ಲಿ ತನಗೆ ಬೇರೆ ಸಂದೇಶ ಉಂಟು ಎಂದು ಮೊದಲು ನಗುತ್ತಾ ಹೇಳಿದಳು. ಮನೆಯಲ್ಲಿ ಎಲ್ಲರೂ ಒಂದೊಂದು ಕಾರಣ ಹುಡುಕಿದೆವು. ಅಜ್ಜಿ ಸತ್ತ ದುಃಖ. ಸೆಕೆ. ಯಾರೋ ಹುಡುಗ. ಉಮಾವತಿ, ನಮ್ಮ ಬಳಿಯಲ್ಲಿ ಅದು ಇಲ್ಲವೇ ಇಲ್ಲ ಎಂದು ಎಷ್ಟು ಸಲ ಹೇಳಿದಳೆಂದರೆ, ಆ ಮಾತು ನಮಗೆ ಮದ್ದಿನ ಹಾಗೆ ಆಗಿಹೋಯಿತು. ಅವಳನ್ನು ದೂರಬೇಡಿ. ಊರು ಕಟ್ಟಿಕೊಟ್ಟ ಗೋಡೆಗೆ ಅವಳು ಒರಗಿದ್ದಳು. ಹೀಗೆ ಒಂದು ಬೇಸಿಗೆ ಪೂರ್ತಿ ಹೋಯಿತು. ಆ ಬೇಸಿಗೆಯೇ ನಮಗೆ ದುಬಾರಿಯಾದದ್ದು. ಇಂಥದ್ದರಲ್ಲಿ ಕಾದಷ್ಟೂ ಹಿಂದಕ್ಕೆ ಬರುವ ದಾರಿ ಉದ್ದವಾಗುತ್ತದೆ.

ಕೊನೆಗೆ ಬಂದವಳು ಐರಿನ್. ವಾರಿಜಳ ಜೊತೆಗೇ ಹಗ್ಗದ ಕೆಲಸ ಮಾಡುವ ಹುಡುಗಿ, ನಮ್ಮ ಕೇರಿಯ ಆಚೆ ಬದಿಯವಳು. ಮೆಟ್ಟಿಲ ಮೇಲೆ ನಿಂತು ಹೇಳಿದ್ದು ಇಷ್ಟೇ: ಹಗ್ಗಗಳು ತನ್ನ ಹೆಸರು ಕರೆಯುತ್ತವೆ ಎಂದು ವಾರಿಜಾ ಹೇಳ್ತಾಳೆ ಅಜ್ಜ. ಮೊದಲು ನಾವೆಲ್ಲ ನಕ್ಕೆವು, ಅವಳೂ ನಕ್ಕಳು. ಈಗ ಅವಳು ನಗ್ತಾ ಇಲ್ಲ. ಇದನ್ನು ಹೇಳಿ ಅಳತೊಡಗಿದಳು, ಚಾಡಿ ಹೇಳಿದೆ ಎಂದು. ನಾನು ಆ ಹುಡುಗಿಗೆ ಈಗಲೂ ವರ್ಷಕ್ಕೊಂದು ಹಲಸಿನ ಹಣ್ಣು ಕಳಿಸುತ್ತೇನೆ. ನಮ್ಮಲ್ಲಿ ಹಲಸು ಎಷ್ಟು ಅಪರೂಪ ಎಂದು ನಿಮಗೆ ಗೊತ್ತಿಲ್ಲ, ಗೊತ್ತಿದ್ದರೆ ತಲೆದೂಗುತ್ತಿದ್ದಿರಿ.

ಮರುದಿನವೇ ತಿಳಿಮನೆಗೆ ಹೋದೆವು. ತಿಳಿಮನೆ ಎಂದರೆ ನಿಮ್ಮ ಆಸ್ಪತ್ರೆಯಂಥದ್ದೇ, ಎಳೆಯರ ತಲೆಗೆ ಮಾತ್ರ. ಪ್ರತಿ ಶಾಲೆಯ ಪಕ್ಕದಲ್ಲೂ ಒಂದು ಉಂಟು. ಬಾಗಿಲಿಗೆ ಬೋರ್ಡಿಲ್ಲ, ಒಳಗೆ ಅಡುಗೆಯ ಪರಿಮಳ. ಅಲ್ಲಿನ ವೈದ್ಯೆ ಆಯಿಷತ್ ನಿಧಾನದ ಹೆಂಗಸು. ವಾರಿಜಳ ಹತ್ತಿರ ತಂಪಿನ ಬಗ್ಗೆ ಕೇಳಿದರು, ಬೈಯಲಿಲ್ಲ. ದನಿಗಳ ಬಗ್ಗೆ ಕೇಳಿದರು, ಇಲ್ಲವೆನ್ನಲಿಲ್ಲ. ಯಾವುದು ಮೊದಲು ಬಂತು, ತಂಪೋ ದನಿಯೋ ಎಂದು ಕೇಳಿದರು. ಕೆಲವು ಮಕ್ಕಳು ದನಿಯನ್ನು ಸುಮ್ಮನಾಗಿಸಲು ಸೇದುವುದೂ ಉಂಟಂತೆ. ಆಮೇಲೆ ಮನೆತನದ ಕಥೆ ಕೇಳಿದರು. ಉಮಾವತಿ ತಲೆಯೆತ್ತಿ, ನಮ್ಮದು ಗಟ್ಟಿ ಬಳಿ ಎಂದಳು. ಅದು ಸರಿ, ತಂದೆಯ ಕಡೆ ಎಂದರು ವೈದ್ಯೆ, ಬರೆಯುತ್ತಾ, ತಲೆ ಎತ್ತದೆ, ಉಪ್ಪು ಎಲ್ಲಿದೆ ಎಂದು ಕೇಳುವಷ್ಟು ಸಹಜವಾಗಿ. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನನ್ನ ತಂಗಿ ಸುಗುಣ, ನಮ್ಮ ಸೋದರಮಾವ ಎಂದೆ. ಪದ್ಮರಾಜ, ಸುಗುಣತ್ತೆಯಾ, ಸುಗುಣತ್ತೆ ನಮ್ಮ ಲೆಕ್ಕಕ್ಕೆ ಹೇಗೆ ಬರ್ತಾರೆ ಎಂದು ಕೇಳಿದ. ಅತ್ತೆಯೆಂದು ಕರೆದು, ಅವಳ ಕೈಯ ಕಡುಬು ತಿಂದು ಬೆಳೆದವನು ಹಾಗೆ ಕೇಳಿದ.

ಆಮೇಲೆ ವಾರಿಜಾ ಅಲ್ಲಿಯೇ ಕೆಲವು ವಾರ ಇದ್ದಳು. ವೈದ್ಯೆ ಒಂದು ಸಂಜೆ ನಮ್ಮನ್ನೆಲ್ಲ ಕೂರಿಸಿ ಹೇಳಿದ ಮಾತು ನನ್ನ ನೆನಪಿನಲ್ಲಿ ಹೀಗೆ ನಿಂತಿದೆ: ಸಂದು ಸಡಿಲವಿರುವ ದೋಣಿ ಹೊಳೆಯಲ್ಲಿ ಆಯುಷ್ಯವಿಡೀ ತೇಲಬಹುದು, ಯಾರಿಗೂ ಗೊತ್ತೇ ಆಗುವುದಿಲ್ಲ. ಅದನ್ನು ಆಟಿಯ ಕಡಲಿಗೆ ಇಳಿಸಬಾರದು. ತಂಪು ಆಟಿಯ ಕಡಲು. ಬೇಗ ಇಳಿದಷ್ಟೂ, ದಿನಾ ಇಳಿದಷ್ಟೂ, ಅಲೆ ದೊಡ್ಡದಾದಷ್ಟೂ ಅಪಾಯ ಹೆಚ್ಚು. ಆಗ ಪದ್ಮರಾಜ, ಹಾಗಾದರೆ ಗಟ್ಟಿ ದೋಣಿಗೆ ತೊಂದರೆ ಇಲ್ಲವಾ ಎಂದ. ಆಯಿಷತ್ ನಕ್ಕು, ನಿಮ್ಮ ಕೇರಿಯಲ್ಲಿ ಆಟಿಯ ಕಡಲಿಗೆ ಗಟ್ಟಿ ದೋಣಿ ಇಳಿಸುತ್ತೀರಾ ಎಂದು ಕೇಳಿದರು. ಯಾರು ಇಳಿಸುತ್ತಾರೆ? ಗಟ್ಟಿ ದೋಣಿ ಒಡೆದದ್ದನ್ನು ನಾವೆಲ್ಲ ಕಣ್ಣಾರೆ ಕಂಡವರು. ದೋಣಿಯ ವಿಷಯದಲ್ಲಿ ಇದ್ದ ಬುದ್ಧಿ ಮಕ್ಕಳ ವಿಷಯದಲ್ಲಿ ಎಲ್ಲಿ ಹೋಗಿತ್ತೋ.

ವಾರಿಜಾ ತಂಪು ಬಿಟ್ಟಳು. ಸುಲಭವಾಗಿ ಅಲ್ಲ, ಎರಡು ಸಲ ಜಾರಿದಳು, ಎರಡು ಸಲವೂ ಐರಿನ್ ಮೆಟ್ಟಿಲು ಹತ್ತಿ ಬಂದಳು, ಈ ಬಾರಿ ಅಳದೆ. ದಿನಾ ಒಂದು ಮದ್ದು ಉಂಟು. ದನಿಗಳು ಮೊದಲು ದೂರ ಹೋದವು, ಆಮೇಲೆ ಪಿಸುಮಾತಾದವು, ಈಗ ಇಲ್ಲ. ಬಿಟ್ಟ ಕೂಡಲೇ ಎಲ್ಲರಿಗೂ ಹೀಗೆ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಕಾಯಿಲೆ ಜೊತೆಗೇ ಉಳಿಯುತ್ತದೆ, ನಮ್ಮ ಸುಗುಣಳಿಗೆ ಉಳಿದ ಹಾಗೆ. ಉಳಿದರೂ ಬಲೆ ಹೆಣೆಯಬಹುದು, ಊರನ್ನು ಬೈಯಬಹುದು. ವಾರಿಜಳಿಗೆ ಈಗ ಇಪ್ಪತ್ತೆರಡು. ಅರ್ಧ ದಿನ ಹಗ್ಗದ ಕೆಲಸ, ಅರ್ಧ ದಿನ ಓದು. ನನ್ನ ಇಂಗ್ಲಿಷನ್ನು ತಿದ್ದುತ್ತಾಳೆ. ಆ ಗಾದೆಯ ಬಾಕಿ ಅರ್ಧ ಅವಳಿಗೆ ಗೊತ್ತುಂಟಂತೆ, ಹೇಳುವುದಿಲ್ಲ. ಅಜ್ಜಿಯನ್ನು ಎಬ್ಬಿಸುವ ಕೆಲಸ ನಿಮಗೇ ಇರಲಿ ಅಜ್ಜ ಎನ್ನುತ್ತಾಳೆ.

ಈಗ ಸೌಪರ್ಣಿಕೆಯ ಸರದಿ. ಅದೇ ಅಪ್ಪ, ಅದೇ ಅಮ್ಮ, ಅದೇ ಅಜ್ಜ. ನಮ್ಮ ಕೇರಿಯ ಪದ್ಧತಿಯಂತೆ ನಡೆದರೆ ಏನಾಗುತ್ತದೆ ಗೊತ್ತೇ? ಅಕ್ಕನ ಕಥೆಯನ್ನು ಹೇಳುತ್ತಾರೆ, ಅವಳು ಅದೇ ಬಳಿಯವಳಲ್ಲವೇ. ಆದರೆ ಬಳಿಯಲ್ಲಿ ಹಿಂದೆ ಯಾರೂ ಇಲ್ಲದ ಕಾರಣ, ಅದು ಆ ಹುಡುಗಿಯೊಬ್ಬಳ ತಪ್ಪು, ಅತಿಯಾಗಿ ಸೇದಿದಳು, ಬಳಿ ಮಾತ್ರ ಗಟ್ಟಿಯೇ ಎಂದು ಸಾರುತ್ತಾರೆ. ಪಕ್ಕದ ಕೇರಿಯಲ್ಲಿ ಹೋದ ವರ್ಷ ಹಾಗೆಯೇ ಮಾಡಿದರು. ಅಕ್ಕನಿಗೆ ಕಳಂಕ, ತಂಗಿಗೆ ಪರವಾನಗಿ, ಒಂದೇ ಬಾಯಲ್ಲಿ. ವಾರಿಜಾ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದಳು: ನನ್ನನ್ನು ಕೆಟ್ಟವಳು ಎನ್ನಲಿ ಅಜ್ಜ, ಸೌಪಿಯನ್ನು ಮಾತ್ರ ಗಟ್ಟಿ ಎನ್ನಬಾರದು. ಉಮಾವತಿ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು, ನಾಳೆ ನಾನೂ ಪೂವಕ್ಕನ ಹತ್ತಿರ ಬರುತ್ತೇನೆ ಎಂದಳು. ಸೌಪರ್ಣಿಕೆ, ನನ್ನ ವಿಷಯ ನನ್ನನ್ನೇ ಕೇಳುವವರಿಲ್ಲ, ಒಂದು ಮೀನು ಹಾಕಿ ಎಂದಳು. ಧೈರ್ಯ ನೋಡಿ. ಮೂಗೂ ನನ್ನದೇ.

ಹೀಗೆ ತಾಯಿ ಮಗಳು ಇಬ್ಬರೂ ಹೋಗಿದ್ದಾರೆ. ಅವರು ಕೇಳುತ್ತಿರುವುದು ಎರಡೇ. ಬಳಿಮಾತಿನಲ್ಲಿ ತಂದೆಯ ಕಡೆಗೂ ಬಾಯಿ ಇರಲಿ. ಮತ್ತು ಗಟ್ಟಿ ಎಂಬ ಮಾತೇ ಇನ್ನು ಬೇಡ. ಮೆಲು ಎಂದರೆ ಎಚ್ಚರ, ಉಳಿದವರಿಗೂ ಎಚ್ಚರ, ಪರವಾನಗಿ ಯಾರಿಗೂ ಇಲ್ಲ. ಪೂವಕ್ಕನಿಗೆ ಈಗ ವಯಸ್ಸಾಗಿದೆ, ನಾಲಿಗೆಯ ಉಪ್ಪು ಕರಗಿಲ್ಲ. ಆದರೆ ಹೋದ ಸಂಕ್ರಾಂತಿಗೆ ನನ್ನನ್ನು ಕಂಡು, ಕಲ್ಯಾಣಿ ಅಂದು ಕೇಳಿದ್ದು ನನಗೆ ಈಚೆಗೆ ನೆನಪಾಗುತ್ತಾ ಉಂಟು ಎಂದಿದ್ದರು. ಅದಕ್ಕೇ ನನಗೆ ನಂಬಿಕೆ. ನಮ್ಮ ಹೆಂಗಸರು ತಪ್ಪಿದರೆ ಗಟ್ಟಿಯಾಗಿ ತಪ್ಪುತ್ತಾರೆ, ತಿದ್ದಿದರೆ ಊರನ್ನೇ ತಿದ್ದುತ್ತಾರೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿ ಬಳಿಮಾತು ಇಲ್ಲ, ತಿಳಿಮನೆ ಇಲ್ಲ, ಒಳಕೋಣೆಯ ಬಾಗಿಲು ಇನ್ನೂ ಗಟ್ಟಿಯಾಗಿದೆ. ಇರಲಿ. ಊಟದ ಹೊತ್ತಿಗೆ ಮಕ್ಕಳಿಗೆ ಎರಡೂ ಕಡೆಯ ಕಥೆ ಹೇಳಿ, ಅಪ್ಪನದ್ದೂ ಅಮ್ಮನದ್ದೂ, ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದರೂ ಸಾಕು. ನಿನಗೇನೂ ಆಗುವುದಿಲ್ಲ ಎಂದೂ ಹೇಳಬೇಡಿ, ಒಂದು ದಮ್ಮಿಗೆ ಮುಗಿಯಿತು ಎಂದೂ ಹೇಳಬೇಡಿ. ಬೆಳೆಯುವ ತಲೆ ಬಲಿಯುವ ತನಕ ಕಾಯಿರಿ ಎನ್ನಿ, ಅದು ನಿಜ. ಮಗುವಿನ ಗೆಳತಿಯೋ ಗೆಳೆಯನೋ ಮೆಟ್ಟಿಲಲ್ಲಿ ನಿಂತು, ಮೊದಲು ನಗುತ್ತಿದ್ದೆವು ಈಗ ಅವಳು ನಗುತ್ತಿಲ್ಲ ಎಂದರೆ, ಅದೇ ದಿನ ಎದ್ದು ಹೊರಡಿ. ಬೇಸಿಗೆ ಕಳೆಯಲಿ ಎನ್ನಬೇಡಿ. ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಇದನ್ನು ನಾನು ಬರೆಯುತ್ತಿರುವುದು ನಿಮ್ಮ

ಯಾರೋ ಕರೆಯುತ್ತಿದ್ದಾರೆ. ಕಾಲುಸೇತುವೆಯ ಆ ತುದಿಯಲ್ಲಿ ಇಬ್ಬರು ಕಾಣುತ್ತಾರೆ. ಮುಂದೆ ಬರುವ ನಡಿಗೆ ನನ್ನದೇ, ಹಾಗಾದರೆ ವಾರಿಜಾ. ಅಲ್ಲಿಂದಲೇ ಕೂಗಿ ಕೇಳುತ್ತಾಳೆ: ಅಜ್ಜ, ನಮ್ಮ ಮನೆಯಲ್ಲಿ ಒಂದು ಮಣೆ ಉಂಟಾ? ಪೂವಕ್ಕನ ಹತ್ತಿರ ಒಂದೇ ಇರುವುದಂತೆ.

ಉಂಟು. ಕಲ್ಯಾಣಿಯದ್ದು, ಹಲಸಿನ ಮರದ್ದು, ಅಟ್ಟದಲ್ಲಿ ಎಲ್ಲೋ ಉಂಟು. ಬರೆಯುತ್ತಾ ಬೆಳಕು ಹೋದದ್ದೇ ತಿಳಿಯಲಿಲ್ಲ, ಈ ಸಾಲು ನನಗೇ ಸರಿಯಾಗಿ ಕಾಣುತ್ತಿಲ್ಲ. ಆಟಿಯಲ್ಲಿ ಬಿಸಿಲು ಕುಡಿದು ಉರಿಯುವ ದೀಪವನ್ನೂ ನಂಬುವ ಹಾಗಿಲ್ಲ. ಕತ್ತಲಾಗುವ ಮೊದಲು ಅಟ್ಟ ಹತ್ತಿ ಅದನ್ನು ಹುಡುಕಬೇಕು, ಧೂಳು ಒರೆಸಬೇಕು.